ಮೊದಲ ಕತ್ತಿ ಕೊಳ್ಳುವ ಮುನ್ನ ಅಪ್ಪನನ್ನು ಕೇಳಿ!

ಗಡ್ಡ ಬಿಡುವುದೇ ಫ್ಯಾಷನ್ ಆಗಿರುವಾಗ ಗಡ್ಡ ತೆಗೆಯುವ ಕತ್ತಿಯ ಬಗ್ಗೆ ಬರೆಯಲು ಹೊರಟಿದ್ದೇನೆ, ನಗಬೇಡಿ. ಮಡಚುವ ಆ ಉದ್ದನೆಯ ಕತ್ತಿ, ಅದೇ ಸ್ಟ್ರೈಟ್ ರೇಜರ್, ಈಗ ಹುಡುಗರ ಹೊಸ ಹುಚ್ಚು. ಜಿಲೆಟ್‌ಗೆ ಸೇಫ್ಟಿ ರೇಜರ್‌ನ ಪೇಟೆಂಟ್ ಸಿಕ್ಕಿದ್ದು 1904ರಲ್ಲಿ. ಅದಕ್ಕೂ ಮುಂಚೆ ಗಡ್ಡ ಬೋಳಿಸಲು ಹೆಚ್ಚಾಗಿ ಬಳಸುತ್ತಿದ್ದದ್ದು ಇಂಥ ಕತ್ತಿಯನ್ನೇ. ನೂರು ವರ್ಷ ದಾಟಿದ ಮೇಲೆ ನಮ್ಮ ಹಾಸ್ಟೆಲ್ ಹುಡುಗರು ಇದನ್ನು ಮೊಬೈಲ್‌ನಲ್ಲಿ ನೋಡಿ, ‘ಮಗಾ, ಯಾವುದು ತಗೊಳ್ಲಿ?’ ಅಂತ ನನ್ನ ಹತ್ತಿರ ಬರುತ್ತಾರೆ.

ನನ್ನ ಹತ್ತಿರವೇ ಯಾಕೆ ಅಂದರೆ, ನಮ್ಮಪ್ಪನದು ಸಲೂನ್. ತಾತನದೂ ಅದೇ ಕಸುಬು. ಶಾಲೆಯಲ್ಲಿ ಈ ಕಸುಬಿನ ಹೆಸರು ಹಿಡಿದೇ ನನ್ನನ್ನು ಕರೆಯುತ್ತಿದ್ದರು, ಪ್ರೀತಿಯಿಂದಲ್ಲ. ಅದಕ್ಕೇ ಇರಬೇಕು, ಅಪ್ಪ ನನ್ನ ಕೈಗೆ ಕತ್ತರಿ ಕೂಡ ಕೊಡಲಿಲ್ಲ. ‘ನೀನು ಪೆನ್ನು ಹಿಡಿ ಸಾಕು’ ಎನ್ನುತ್ತಿದ್ದರು. ಯಾವುದು ನನಗೆ ಬೈಗುಳವಾಗಿತ್ತೋ ಅದಕ್ಕೇ ಈಗ ಗೆಳೆಯರು ಸಾವಿರಗಟ್ಟಲೆ ಸುರಿಯುವುದನ್ನು ಕಂಡು ನನಗೂ ಹಟ ಬಂತು. ನನ್ನ ಗಡ್ಡಕ್ಕೆ ನನ್ನದೇ ಒಂದು ಕತ್ತಿ ಬೇಕು, ಅದನ್ನು ಹಿಡಿಯುವುದನ್ನು ಅಪ್ಪನೇ ಕಲಿಸಬೇಕು. ಎರಡು ವಾರ ಅವರು ಮಾತೇ ಆಡಲಿಲ್ಲ. ಮೂರನೇ ವಾರ, ‘ಏನು ತಗೋಬೇಕು ಅಂತ ಗೊತ್ತಾ ನಿಂಗೆ?’ ಅಂದರು. ಅಲ್ಲಿಂದ ಶುರುವಾಯಿತು ನಮ್ಮ ಪಾಠ.

ಮೊದಲ ಪಾಠ: ಸಲೂನ್‌ನಲ್ಲಿ ನೀವು ನೋಡುವುದು ನಿಜವಾದ ಸ್ಟ್ರೈಟ್ ರೇಜರ್ ಅಲ್ಲ. ಅದು ಅರ್ಧ ಬ್ಲೇಡ್ ಸಿಕ್ಕಿಸುವ ಹಿಡಿ, ಶಾವೆಟ್ ಅನ್ನುತ್ತಾರೆ. ರಕ್ತದಿಂದ ರೋಗ ಹರಡಬಾರದು ಅಂತ ಪ್ರತಿ ಗಿರಾಕಿಗೂ ಹೊಸ ಬ್ಲೇಡ್ ಹಾಕಲು ಅದೇ ಅನುಕೂಲ. ಬೆಲೆ ಕಡಿಮೆ, ಸಾಣೆಯ ಗೊಡವೆ ಇಲ್ಲ. ಹಾಗಂತ ಕಲಿಯುವವನಿಗೆ ಅದು ಸುಲಭವಲ್ಲ. ಬ್ಲೇಡ್ ತೆಳು, ಹಿಡಿ ಹಗುರ, ಕೋನ ಸ್ವಲ್ಪ ತಪ್ಪಿದರೂ ಚರ್ಮ ಸೀಳುತ್ತದೆ. ನಿಜವಾದ ಕತ್ತಿಗೆ ತನ್ನದೇ ತೂಕವಿದೆ, ಕೈ ಒತ್ತುವ ಅಗತ್ಯವೇ ಬೀಳುವುದಿಲ್ಲ.

ಎರಡನೆಯದು ಅಳತೆ. ಅಲಗಿನ ಅಗಲವನ್ನು ಇಂಚಿನ ಎಂಟನೇ ಭಾಗಗಳಲ್ಲಿ ಹೇಳುತ್ತಾರೆ. ಮೊದಲ ಕತ್ತಿಗೆ 5/8, ಅಂದರೆ ಸುಮಾರು 16 ಮಿಲಿಮೀಟರ್ ಸಾಕು. ಅದಕ್ಕಿಂತ ಅಗಲವಾದದ್ದು ಮೂಗಿನ ಕೆಳಗೆ ತಿರುಗುವುದು ಕಷ್ಟ, ಕಿರಿದಾದದ್ದರಲ್ಲಿ ನೊರೆ ಬೇಗ ತುಂಬಿಕೊಳ್ಳುತ್ತದೆ. ತುದಿ ದುಂಡಗಿರಲಿ. ಚೂಪು ಮೂಲೆಯ ಕತ್ತಿ ಫೋಟೊದಲ್ಲಿ ಚೆಂದ, ಆದರೆ ಕಿವಿಯ ಬುಡದಲ್ಲಿ ಗೀರುವುದು ಆ ಮೂಲೆಯೇ.

ಮೂರನೆಯದು ಉಕ್ಕು. ಕಾರ್ಬನ್ ಸ್ಟೀಲ್‌ಗೆ ಹರಿತ ಬೇಗ ಬರುತ್ತದೆ, ತುಕ್ಕೂ ಬೇಗ ಹಿಡಿಯುತ್ತದೆ. ಸ್ಟೇನ್‌ಲೆಸ್‌ಗೆ ತುಕ್ಕು ಕಡಿಮೆ, ಸಾಣೆ ಹಿಡಿಯಲು ಹೆಚ್ಚು ತಾಳ್ಮೆ ಬೇಕು. ಮಂಗಳೂರು, ಕಾರವಾರದ ಕಡೆಯವರು ಕಾರ್ಬನ್ ಕೊಂಡರೆ, ಶೇವ್ ಆದ ಮೇಲೆ ಒರೆಸಿ, ಒಣಗಿಸಿ, ಒಂದು ಹನಿ ಎಣ್ಣೆ ಸವರಿಡುವುದನ್ನು ಮರೆಯುವಂತಿಲ್ಲ. ಬಚ್ಚಲಲ್ಲಂತೂ ಇಡಲೇಬೇಡಿ.

ಹಾಗಾದರೆ ಹೊಸದೋ ಹಳೆಯದೋ? ನಮ್ಮ ಅಟ್ಟದ ಮೇಲೆ ತಾತನ ಕತ್ತಿಯೊಂದು ತಗಡಿನ ಡಬ್ಬಿಯಲ್ಲಿತ್ತು. ಮೇಲೆ ‘ಸೋಲಿಂಗನ್’ ಎಂಬ ಅಕ್ಷರ. ಜರ್ಮನಿಯ ಆ ಊರು ಕತ್ತಿ, ಚಾಕುಗಳಿಗೆ ಶತಮಾನಗಳಿಂದ ಪ್ರಸಿದ್ಧ. 1938ರಿಂದ ಆ ಹೆಸರಿಗೆ ಕಾನೂನಿನ ರಕ್ಷಣೆಯೂ ಇದೆ. ಕಂಡಕಂಡವರು ಅದನ್ನು ಅಲಗಿನ ಮೇಲೆ ಒತ್ತುವಂತಿಲ್ಲ. ಅದೇ ನನ್ನ ಮೊದಲ ಕತ್ತಿ ಆಗಲಿ ಅಂತ ನನಗೆ ಆಸೆ. ಅಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಬೆನ್ನಿನ ಮೇಲಿನ ತುಕ್ಕು ಉಜ್ಜಿದರೆ ಹೋಗುತ್ತದೆ. ಆದರೆ ಅಲಗಿನ ಬಾಯಿಯಲ್ಲೇ ಕಪ್ಪು ಗುಳಿಗಳಿದ್ದರೆ ಸಾಣೆ ಹಿಡಿದಷ್ಟೂ ಅಂಚು ಉದುರುತ್ತದೆ. ತಾತನ ಕತ್ತಿಯಲ್ಲಿ ಗುಳಿಗಳಿದ್ದವು. ‘ಇದನ್ನ ಇಟ್ಕೋ, ಗಡ್ಡಕ್ಕೆ ಬೇಡ’ ಅಂದರು. ಹಳೆಯದನ್ನು ಕೊಳ್ಳುವವರು ಬಿರುಕು, ಬಾಗು, ಒಂದೇ ಕಡೆ ಸವೆದ ಬೆನ್ನು ಇವನ್ನೂ ನೋಡಬೇಕು. ಸಾಣೆ ಹಿಡಿಯುವಾಗ ಬೆನ್ನೂ ಬಾಯಿಯೂ ಒಟ್ಟಿಗೆ ಕಲ್ಲಿನ ಮೇಲೆ ಮಲಗುತ್ತವೆ, ಬೆನ್ನು ಸೊಟ್ಟಾದರೆ ಬಾಯಿಯೂ ಸೊಟ್ಟ.

ಕೊನೆಗೆ ಸ್ಟೈಪೆಂಡ್‌ನಲ್ಲಿ ಮೂರು ತಿಂಗಳು ಉಳಿಸಿ ಹೊಸದನ್ನೇ ಕೊಂಡೆ: 5/8, ದುಂಡು ತುದಿ, ಕಾರ್ಬನ್ ಸ್ಟೀಲ್, ಸಾದಾ ಪ್ಲಾಸ್ಟಿಕ್ ಹಿಡಿ. ಕೊಂಬಿನ ಹಿಡಿಗೆ ಕೊಡುವ ದುಡ್ಡಲ್ಲಿ ಚರ್ಮದ ಪಟ್ಟಿ ಬಂತು. ಪಟ್ಟಿ ಇಲ್ಲದ ಕತ್ತಿ ದಂಡ. ಪ್ರತಿ ಶೇವ್‌ಗೂ ಮುನ್ನ 40–50 ಸಲ ಅದರ ಮೇಲೆ ಎಳೆಯಬೇಕು, ಬೆನ್ನು ಮುಂದೆ, ಬಾಯಿ ಹಿಂದೆ. ಕೊನೆಯಲ್ಲಿ ಮಗುಚುವುದೂ ಬೆನ್ನಿನ ಮೇಲೆಯೇ. ಹೊಸ ಕತ್ತಿಯೆಂದರೆ ಹರಿತವಾಗಿಯೇ ಬರುತ್ತದೆ ಅನ್ನುವಂತಿಲ್ಲ, ‘ಶೇವ್‌ಗೆ ತಯಾರಾಗಿದೆಯಾ?’ ಅಂತ ಕೇಳಿಯೇ ಕೊಳ್ಳಿ. ಅಗ್ಗದ ಕತ್ತಿಗಳಿಗೆ ಬಹಳಷ್ಟು ಸಲ 1000, 4000, 8000 ಗ್ರಿಟ್ ಕಲ್ಲುಗಳ ಮೇಲೆ ಹೊಸದಾಗಿ ಬಾಯಿ ಕಟ್ಟಬೇಕಾಗುತ್ತದೆ. ಬೀದಿಯಲ್ಲಿ ಚಾಕು ಸಾಣೆ ಹಿಡಿಯುವ ಚಕ್ರಕ್ಕೆ ಮಾತ್ರ ಕೊಡಬೇಡಿ. ಆ ಬಿಸಿಗೆ ತೆಳು ಅಲಗಿನ ಹದ ಕೆಡುತ್ತದೆ. ನಿಮ್ಮ ಕತ್ತಿಯನ್ನು ಇನ್ನೊಬ್ಬರಿಗೂ ಕೊಡಬೇಡಿ, ಎಷ್ಟೇ ಆಪ್ತ ಗೆಳೆಯನಾದರೂ.

ಮೊದಲ ತಿಂಗಳು ಅಪ್ಪ ಕೆನ್ನೆ ಬಿಟ್ಟು ಬೇರೆಲ್ಲೂ ಕತ್ತಿ ಇಡಲು ಬಿಡಲಿಲ್ಲ. ಸುಮಾರು 30 ಡಿಗ್ರಿ ಕೋನ, ಇನ್ನೊಂದು ಕೈಯಲ್ಲಿ ಬಿಗಿಯಾಗಿ ಎಳೆದ ಚರ್ಮ, ಕೂದಲು ಬೆಳೆದ ದಿಕ್ಕಿನಲ್ಲೇ ಸಣ್ಣ ಸಣ್ಣ ಎಳೆತ. ನನಗೆ ಒಂದು ಕೆನ್ನೆಗೆ ಹತ್ತು ನಿಮಿಷ ಹಿಡಿಯುವ ಈ ಕೆಲಸವನ್ನು ಅವರು ಬೇರೆಯವರ ಮುಖದ ಮೇಲೆ, ಮಾತಾಡುತ್ತಾ, ಮೂವತ್ತು ವರ್ಷದಿಂದ ಮಾಡುತ್ತಿದ್ದಾರೆ. ಪೆನ್ನು ಹಿಡಿದ ಕೈಗೆ ಅದು ಎಂಥ ವಿದ್ಯೆ ಅಂತ ಗೊತ್ತಾಗಲು ಕತ್ತಿಯನ್ನೂ ಹಿಡಿಯಬೇಕಾಯಿತು.

ನಿಮ್ಮ ಮನೆಯಲ್ಲಿ ಇಂಥ ಅಪ್ಪ ಇಲ್ಲದಿದ್ದರೂ ನಿಮ್ಮ ಬೀದಿಯಲ್ಲಿ ಒಂದು ಸಲೂನ್ ಇದ್ದೇ ಇರುತ್ತದೆ. ಆನ್‌ಲೈನ್‌ನಲ್ಲಿ ಆರ್ಡರ್ ಒತ್ತುವ ಮೊದಲು ಅಲ್ಲಿ ಹೋಗಿ ಕೇಳಿ. ಎಷ್ಟೋ ವರ್ಷದಿಂದ ಅವರ ಕತ್ತಿಗೆ ನಂಬಿಕೆಯಿಂದ ಕತ್ತು ಒಡ್ಡಿದ್ದೀರಿ. ಹಾಗೆಯೇ ಅವರ ಹೆಸರನ್ನೂ ಒಮ್ಮೆ ಕೇಳಿ ಬನ್ನಿ.