ಔಷಧಶಾಸ್ತ್ರ ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ವಿನಿಮಯ

ಔಷಧಶಾಸ್ತ್ರದ ವಿದ್ಯಾರ್ಥಿಗೆ ಪರದೇಶವಾಸವು ಕೇವಲ ವಿಹಾರವಲ್ಲ. ವಿದ್ಯೆಯ ಒಂದು ಅಂಗವೇ ಆಗಬಲ್ಲುದು. 1949ರಲ್ಲಿ ಎಂಟು ವಿದ್ಯಾರ್ಥಿಸಂಘಗಳು ಲಂಡನ್ನಿನಲ್ಲಿ ಕೂಡಿ ಅಂತರರಾಷ್ಟ್ರೀಯ ಔಷಧಶಾಸ್ತ್ರ ವಿದ್ಯಾರ್ಥಿ ಒಕ್ಕೂಟವನ್ನು ಸ್ಥಾಪಿಸಿದವು. ಇದರ ವಿನಿಮಯ ಯೋಜನೆಯಲ್ಲಿ ಒಂದು ದೇಶದ ವಿದ್ಯಾರ್ಥಿಯು ಮತ್ತೊಂದು ದೇಶದ ಔಷಧದ ಅಂಗಡಿ, ಆಸ್ಪತ್ರೆ, ಕಾರ್ಖಾನೆ ಅಥವಾ ಪ್ರಯೋಗಶಾಲೆಯಲ್ಲಿ ಕೆಲವು ವಾರಗಳ ಕಾಲ ಕೆಲಸ ಕಲಿಯುತ್ತಾನೆ. ಭಾರತದ ವಿದ್ಯಾರ್ಥಿಗಳೂ ಇದರಲ್ಲಿ ಪಾಲುಗೊಳ್ಳುತ್ತಾರೆ.

ಅಲ್ಲಿ ಎದುರಾಗುವ ತೊಡಕುಗಳಲ್ಲಿ ಹೆಸರಿನದೂ ಒಂದು. ಭಾರತದಲ್ಲಿ ಪ್ಯಾರಾಸಿಟಮಾಲ್ ಎನಿಸಿದ ಮದ್ದೇ ಅಮೆರಿಕದಲ್ಲಿ ಅಸಿಟಮಿನೋಫೆನ್. ವಿಶ್ವ ಆರೋಗ್ಯ ಸಂಸ್ಥೆಯು ಔಷಧಗಳ ಸರ್ವಸಾಮಾನ್ಯ ನಾಮಗಳ ಮೊದಲ ಪಟ್ಟಿಯನ್ನು 1953ರಲ್ಲಿಯೇ ಪ್ರಕಟಿಸಿತು. ಆದರೂ ಇಂತಹ ಭೇದಗಳು ಉಳಿದಿವೆ. ಪ್ರವಾಸಿಯೊಬ್ಬನು ಈ ಎರಡನ್ನೂ ಬೇರೆಬೇರೆ ಮದ್ದುಗಳೆಂದು ಭಾವಿಸಿ ಒಟ್ಟಿಗೆ ನುಂಗಿದರೆ ಪ್ರಮಾಣವು ಇಮ್ಮಡಿಯಾಗುತ್ತದೆ; ಅದು ಮಿತಿಮೀರಿದರೆ ಯಕೃತ್ತಿಗೆ ಹಾನಿಯುಂಟು. ಈ ಪ್ರಮಾದವನ್ನು ತಡೆಯಬೇಕಾದವರಲ್ಲಿ ಮದ್ದು ಕೊಡುವವನು ಮುಖ್ಯನು.

ಪುಸ್ತಕದಲ್ಲಿ ಒಂದು ಸಾಲಾಗಿ ಓದಿದ ಈ ಭೇದವನ್ನು ರೋಗಿಯ ಎದುರಿನಲ್ಲಿ ನಿಂತು ಅರಿತವನು ಸುಲಭವಾಗಿ ಮರೆಯಲಾರನು. ಸ್ವದೇಶಕ್ಕೆ ಮರಳಿದ ಮೇಲೂ ಅವನು, "ಈಗ ಯಾವ ಮಾತ್ರೆ ಸೇವಿಸುತ್ತಿದ್ದೀರಿ?" ಎಂದು ಕೇಳಿಯೇ ಮದ್ದು ಕೊಡುವಂತಾದರೆ ವಿನಿಮಯವು ಸಾರ್ಥಕವಾದಂತೆ.