ಆಯಿಲ್ ಪೈಂಟ್ ಮೇಲೆ ಎಮಲ್ಶನ್: ಮೊದಲು ಹೊಳಪು ತೆಗೆಯಿರಿ

ಮನೆಯಲ್ಲಿ ಮದುವೆ ಬಂತೆಂದರೆ ಹಳೆಯ ಆಯಿಲ್ ಪೈಂಟ್ ಮೇಲೆ ನೇರವಾಗಿ ಎಮಲ್ಶನ್ ಹೊಡೆಸುವವರಿದ್ದಾರೆ. ನುಣುಪು ಗೋಡೆಯಲ್ಲಿ ಹೊಸ ಬಣ್ಣಕ್ಕೆ ಹಿಡಿತ ಸಿಗಲ್ಲ. ಆಮೇಲೆ ಸಿಪ್ಪೆಯಂತೆ ಎದ್ದು ಬರುತ್ತದೆ, ದುಡ್ಡು ದಂಡ.

ತೇವ ಇದ್ದರೆ ಮೊದಲು ಅದನ್ನು ಸರಿಪಡಿಸಿ. ಅಡುಗೆ ಕೋಣೆಯ ಜಿಡ್ಡನ್ನು ಸೋಪು ನೀರಲ್ಲಿ ತೊಳೆಯಿರಿ. ನಂತರ 180 ನಂಬರಿನ ವಾಟರ್ ಪೇಪರ್‌ನಿಂದ, ನೀರು ಹಾಕುತ್ತಾ, ಹೊಳಪು ಹೋಗುವವರೆಗೆ ಉಜ್ಜಿಸಿ. ಒಣಗೋಡೆ ಉಜ್ಜುವುದು ಬೇಡವೇ ಬೇಡ. ಪೈಂಟಿನಲ್ಲಿ ಸೀಸಕ್ಕೆ 90 ಪಿಪಿಎಂ ಮಿತಿ ಜಾರಿಯಾದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಳೆಯ ಪೈಂಟಿನಲ್ಲಿ ಸೀಸ ಹೆಚ್ಚಿರಬಹುದು, ಅದರ ಧೂಳು ಮಕ್ಕಳಿಗೆ ಅಪಾಯ.

ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಆಯಿಲ್ ಪೈಂಟ್ ಮೇಲೆ ಹಿಡಿಯುವ ಪ್ರೈಮರ್ ಒಂದು ಕೋಟ್, ಎಮಲ್ಶನ್ ಎರಡು ಕೋಟ್. ಪೈಂಟರ್ ‘ಪ್ರೈಮರ್ ಬೇಡ’ ಅಂದರೆ ಒಪ್ಪಬೇಡಿ.