ನಿಮಗಿದು ಗೊತ್ತೆ? ಕೇನ್ ನದಿ ದಂಡೆಯ ಕ್ರಿಸ್‌ಮಸ್ ಮೆರವಣಿಗೆ

ಅಮೆರಿಕದ ಲೂಯಿಸಿಯಾನಾ ರಾಜ್ಯದ ನ್ಯಾಕಟಿಶ್, 1714ರಲ್ಲಿ ಫ್ರೆಂಚರು ನೆಲೆಯೂರಿದ ಪುಟ್ಟ ನಗರ. ಕೇನ್ ನದಿಯ ದಂಡೆಯಲ್ಲಿರುವ ಇಲ್ಲಿನ ಕ್ರಿಸ್‌ಮಸ್ ದೀಪೋತ್ಸವ ಶುರುವಾದದ್ದು 1927ರಲ್ಲಿ. ಊರಿಗೆ ಉಡುಗೊರೆಯೆಂದು ಮೊದಲ ದೀಪಗಳನ್ನು ಕಟ್ಟಿದವರು ನಗರದ ವಿದ್ಯುತ್ ವಿಭಾಗದ ಸಿಬ್ಬಂದಿಯೇ ಎಂಬುದು ನಿಜಕ್ಕೂ ಹೆಮ್ಮೆಯ ಸಂಗತಿ.

ಡಿಸೆಂಬರ್‌ ಮೊದಲ ಶನಿವಾರ ಸ್ತಬ್ಧಚಿತ್ರಗಳೂ ಶಾಲಾ ಮಕ್ಕಳ ಬ್ಯಾಂಡ್ ತಂಡಗಳೂ ಬೀದಿಗಿಳಿಯುತ್ತವೆ. ಕತ್ತಲಾದ ಮೇಲೆ ನದಿಯ ಮೇಲೆ ಬಾಣಬಿರುಸು. ತಿನ್ನಲು ಮೀಟ್ ಪೈ ಇರಲೇಬೇಕು: ದನ ಮತ್ತು ಹಂದಿ ಮಾಂಸದ ಹೂರಣ ತುಂಬಿ, ಎಣ್ಣೆಯಲ್ಲಿ ಕರಿದ, ನಮ್ಮ ಕರ್ಜಿಕಾಯಿ ಆಕಾರದ ತಿನಿಸು.

ಜೂಲಿಯಾ ರಾಬರ್ಟ್ಸ್ ನಟಿಸಿದ ‘ಸ್ಟೀಲ್ ಮ್ಯಾಗ್ನೋಲಿಯಾಸ್’ (1989) ಚಿತ್ರೀಕರಣವಾದದ್ದು ಇದೇ ಊರಿನಲ್ಲಿ. ಕಥೆ ಬರೆದ ರಾಬರ್ಟ್ ಹಾರ್ಲಿಂಗ್ ಇಲ್ಲಿಯವರೇ. ಚಿತ್ರದಲ್ಲಿ ಈ ಉತ್ಸವವೂ ಇದೆ.